ಮಳೆ ಕಾಣದ ಕಲ್ಲು

ಹ್ಯೂಸ್ಟನ್, ಅಮೆರಿಕ
27 ಜುಲೈ 2025

ತೀರ್ಥರೂಪರಾದ ಅಪ್ಪಯ್ಯನವರಿಗೆ ಮಗಳ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮವಾಗಿದ್ದೇನೆ. ಆಟಿಯ ಮಳೆಗೆ ಬಾವಿಯ ಪಕ್ಕದ ಮುರಕಲ್ಲಿನ ಗೋಡೆ ಜರಿದುದನ್ನು ಫೋನಿನಲ್ಲಿ ತಿಳಿಸುತ್ತಾ, "ಚಂದ್ರನ ಕಲ್ಲೆಂದು ಅಷ್ಟು ದೂರ ಹೋಗಿದ್ದೀಯಲ್ಲ, ಅದಕ್ಕೂ ನಮ್ಮ ಉಡುಪಿಯ ಕಲ್ಲಿಗೂ ಏನು ವ್ಯತ್ಯಾಸ?" ಎಂದು ಕೇಳಿದಿರಿ. ನಿಂತ ನಿಲುವಿನಲ್ಲಿ ಉತ್ತರಿಸುವ ಪ್ರಶ್ನೆ ಅದಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮುರಕಲ್ಲು ಮಳೆಯ ಮಗು. ಹಳೆಯ ಬಂಡೆಯನ್ನು ಲಕ್ಷಾಂತರ ಮಳೆಗಾಲಗಳು ತೊಯ್ಯಿಸಿ, ಅದರಲ್ಲಿ ಕರಗುವುದನ್ನೆಲ್ಲ ಕೊಚ್ಚಿಕೊಂಡು ಹೋದ ಮೇಲೆ ಹಿಂದೆ ಉಳಿದ ಕಬ್ಬಿಣದ ತುಕ್ಕೇ ಅದರ ಕೆಂಪು ಬಣ್ಣ. ಮೂಲದ ಬಂಡೆ ಯಾವಾಗ ಹುಟ್ಟಿತು, ಹೇಗೆ ತಣಿಯಿತು ಎಂಬುದನ್ನು ಮುರಕಲ್ಲಿನಿಂದ ಓದುವುದು ಬಹಳ ಕಷ್ಟ. ಚಂದ್ರನ ಕಲ್ಲಿಗೆ ಮಳೆಯೆಂಬುದೇ ಗೊತ್ತಿಲ್ಲ. ನನ್ನ ಮಟ್ಟಿಗೆ ಅದರ ಬೆಲೆಯೆಲ್ಲ ಇರುವುದು ಅಲ್ಲಿಯೇ.

ಈ ಸೆಮಿಸ್ಟರಿನಲ್ಲಿ ನಾಸಾ ಸಂಸ್ಥೆಯು ಪಾಠಕ್ಕಾಗಿ ಎರವಲು ಕೊಡುವ ತೆಳುಸೀಳುಗಳು ನಮ್ಮ ವಿಭಾಗಕ್ಕೆ ಬಂದಿದ್ದವು. ಕಲ್ಲನ್ನು 0.03 ಮಿಲಿಮೀಟರಿನಷ್ಟು ತೆಳ್ಳಗೆ ಉಜ್ಜಿ ಗಾಜಿಗೆ ಅಂಟಿಸಿದರೆ ಬೆಳಕು ಅದರ ಮೂಲಕ ಹಾಯುತ್ತದೆ. ಲಾವಾ ತಣಿದು ಆಗುವ ಬಸಾಲ್ಟ್ ಎಂಬ ಕಪ್ಪು ಕಲ್ಲು ಭೂಮಿಯಲ್ಲಿಯೂ ಇದೆ; ಅದರಲ್ಲಿರುವ ಆಲಿವೀನ್ ಎಂಬ ಖನಿಜದ ಹರಳುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ, ನೀರು ತಗುಲಿ ಅಂಚಿನಲ್ಲಿಯೂ ಬಿರುಕಿನಲ್ಲಿಯೂ ಕಂದು ಬಣ್ಣಕ್ಕೆ ತಿರುಗಿರುವುದನ್ನು ಅನೇಕ ಬಾರಿ ಕಂಡಿದ್ದೇನೆ. ಮುನ್ನೂರು ಕೋಟಿ ವರ್ಷಗಳಿಗೂ ಹಿಂದೆ ಹೆಪ್ಪುಗಟ್ಟಿದ ಚಂದ್ರನ ಬಸಾಲ್ಟಿನಲ್ಲಿ ಅದೇ ಹರಳು ನಿನ್ನೆ ಹುಟ್ಟಿದಷ್ಟು ಸ್ವಚ್ಛವಾಗಿತ್ತು; ಕಬ್ಬಿಣದ ಚಿಕ್ಕ ಕಣಗಳು ಲೋಹವಾಗಿಯೇ ಉಳಿದಿದ್ದವು. ಆ ದಿನ ನನಗೆ ಊಟದ ನೆನಪೂ ಆಗಲಿಲ್ಲ.

ಅಜ್ಜಿ ಅಂಗಳದಲ್ಲಿ ಕೂರಿಸಿಕೊಂಡು ತೋರಿಸುತ್ತಿದ್ದ ಚಂದ್ರನ ಮೊಲ ನಿಮಗೆ ನೆನಪಿದೆಯಲ್ಲವೇ? ಆ ಮೊಲದ ಕಪ್ಪು ಮೈಯೆಲ್ಲ ಈ ಬಸಾಲ್ಟು. ಉಲ್ಕೆಗಳು ಕೊರೆದ ಭಾರೀ ತಗ್ಗುಗಳಲ್ಲಿ ತುಂಬಿಕೊಂಡು ಗಟ್ಟಿಯಾದ ಲಾವಾ. (ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಲಾವಾ ತಣಿದು ಆದವೇ. ಅವನ್ನು ಬಸಾಲ್ಟ್ ಎನ್ನುವುದು ವಾಡಿಕೆಯಾದರೂ ಅವು ಮರಳಿನಲ್ಲಿರುವಂಥ ಸಿಲಿಕ ಹೆಚ್ಚಿರುವ ಬೇರೆ ಬಗೆಯ ಶಿಲೆ, ವಯಸ್ಸು ಸುಮಾರು 8.8 ಕೋಟಿ ವರ್ಷ.) ಮೊಲದ ಸುತ್ತಲಿನ ಬಿಳುಪು ಅನಾರ್ಥಸೈಟ್ ಎಂಬ ಕಲ್ಲಿನದು, ಮತ್ತು ಇಡೀ ಕಥೆಯ ಕೀಲಿ ಇರುವುದು ಆ ಬಿಳಿ ಕಲ್ಲಿನಲ್ಲಿ.

1969ರಲ್ಲಿ ಅಪೊಲೊ 11 ಇಳಿದದ್ದು ಕಪ್ಪು ಬಯಲಿನಲ್ಲಿ. ಆದರೂ ಅಲ್ಲಿಂದ ತಂದ ಮಣ್ಣಿನಲ್ಲಿ ಕೆಲವೇ ಕೆಲವು ಬಿಳಿಯ ಚೂರುಗಳು ಸಿಕ್ಕವು. ಅವು ದೂರದ ಎತ್ತರದ ಪ್ರದೇಶಗಳಿಂದ ಉಲ್ಕೆಯ ಹೊಡೆತಕ್ಕೆ ಸಿಡಿದು ಬಂದವಿರಬೇಕೆಂದು ವಿಜ್ಞಾನಿ ಜಾನ್ ವುಡ್ ಮತ್ತು ಸಂಗಡಿಗರು 1970ರಲ್ಲಿ ತರ್ಕಿಸಿದರು. ಬಹುತೇಕ ಪ್ಲೇಜಿಯೊಕ್ಲೇಸ್ ಎಂಬ ಒಂದೇ ಖನಿಜದಿಂದಾದ ಅಂಥ ಕಲ್ಲು ಚಂದ್ರನ ಮೈತುಂಬ ಹರಡಿರಬೇಕಾದರೆ, ಒಂದು ಕಾಲದಲ್ಲಿ ಚಂದ್ರನ ಹೊರಭಾಗವೆಲ್ಲ ಕರಗಿದ ಶಿಲಾರಸದ ಕಡಲಾಗಿರಬೇಕು. ಅದು ತಣಿಯುತ್ತ ಬಂದಂತೆ ಭಾರದ ಹರಳುಗಳು ತಳ ಸೇರಿ, ಹಗುರವಾದ ಪ್ಲೇಜಿಯೊಕ್ಲೇಸ್ ಹಾಲಿನ ಕೆನೆಯಂತೆ ಮೇಲೆ ತೇಲಿ ತೊಗಟೆಯಾಗಿರಬೇಕು. ಅಂಗೈಯಲ್ಲಿ ಹಿಡಿಯುವಷ್ಟೂ ಇಲ್ಲದ ಚೂರುಗಳಿಂದ ಒಂದು ಲೋಕದ ಜನನವನ್ನು ಊಹಿಸಿದ ಈ ಧೈರ್ಯ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಮರುವರ್ಷವೇ ಅಪೊಲೊ 15ರ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಅರ್ವಿನ್ ಸ್ಪರ್ ಎಂಬ ಕುಳಿಯ ಬಳಿ, ಧೂಳಿನ ದಿಬ್ಬದ ಮೇಲೆ ಇಟ್ಟಂತಿದ್ದ 269 ಗ್ರಾಂ ತೂಕದ ಬಿಳಿಯ ಅನಾರ್ಥಸೈಟನ್ನು ಆರಿಸಿಕೊಂಡು ಬಂದರು. ಅದರ ವಯಸ್ಸು 400 ಕೋಟಿ ವರ್ಷಗಳಿಗೂ ಮಿಗಿಲು.

ನಮ್ಮ ಕರ್ನಾಟಕದಲ್ಲಿಯೂ 300 ಕೋಟಿ ವರ್ಷ ದಾಟಿದ, ನೈಸ್ ಎಂಬ ಹೆಸರಿನ ಶಿಲೆಗಳಿವೆ, ಅದನ್ನು ಮರೆತಿಲ್ಲ. ಆದರೆ ಅವು ಭೂಮಿಯ ಒಳಗೆ ಬೆಂದು, ಮಡಿಚಿ, ಮತ್ತೆ ಹರಳುಗಟ್ಟಿದವು. ಚಂದ್ರನ ಕಲ್ಲೂ ಏಟು ತಿನ್ನದೆ ಇಲ್ಲ; ಉಲ್ಕೆಗಳ ಹೊಡೆತಕ್ಕೆ ಪುಡಿಯಾಗಿ ಮತ್ತೆ ಬೆಸೆದುಕೊಂಡ ಬ್ರೆಕ್ಸಿಯಾ ಶಿಲೆಗಳೇ ಎತ್ತರದ ಪ್ರದೇಶಗಳಲ್ಲಿ ಹೆಚ್ಚು.

ಅಪೊಲೊದ ಆರು ಯಾನಗಳು ತಂದ 382 ಕಿಲೋ ಕಲ್ಲುಮಣ್ಣಿನ ಹೆಚ್ಚಿನ ಪಾಲು ಈ ಊರಿನಲ್ಲಿಯೇ, ನಮ್ಮ ಗಾಳಿಯ ತೇವ ಸೋಕದಂತೆ ಶುದ್ಧ ಸಾರಜನಕ ತುಂಬಿದ ಪೆಟ್ಟಿಗೆಗಳಲ್ಲಿದೆ. 1972ರಲ್ಲಿ ಚಂದ್ರನ ಮೇಲೆಯೇ ಮುಚ್ಚಿ ತಂದ, ಮಣ್ಣು ತುಂಬಿದ ಒಂದು ಕೊಳವೆಯನ್ನು ತೆರೆದದ್ದು 2022ರಲ್ಲಿ. ಮುಂದೆ ಬರುವವರ ಉಪಕರಣಗಳು ನಮ್ಮದಕ್ಕಿಂತ ಚೆನ್ನಾಗಿರುತ್ತವೆಂದು ಕೆಲವನ್ನು ತೆಗೆದಿರಿಸಿದ ಹಿರಿಯರ ತಾಳ್ಮೆ ದೊಡ್ಡದು. ಚಂದ್ರನ ಅಗ್ನಿಪರ್ವತಗಳು ಉಗುಳಿದ ಗಾಜಿನ ಮಣಿಗಳಲ್ಲಿ ನೀರಿನ ಸುಳಿವು 2008ರಲ್ಲಿ ಸಿಕ್ಕಿದ್ದೂ ಹೀಗೆ ಕಾಪಾಡಿದ ಮಾದರಿಗಳಿಂದಲೇ.

ನಿಮಗೆ ಸಂತೋಷವಾಗುವ ಮಾತೊಂದಿದೆ. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ದಕ್ಷಿಣ ಧ್ರುವದ ಕಡೆಯ ಮಣ್ಣನ್ನು ಅಳೆದಾಗ, ಅದರ ಸಂಯೋಜನೆ ಆ ಬಿಳಿ ಕಲ್ಲಿನ ಕುಟುಂಬಕ್ಕೇ ಹೊಂದಿತು. ಅಂದರೆ ಶಿಲಾರಸದ ಕಡಲಿನ ಊಹೆಗೆ ನಮ್ಮವರ ಸಾಕ್ಷ್ಯವೂ ಸೇರಿತು. ಮಾದರಿಗಳನ್ನು ಹೊತ್ತು ತರಲಿರುವ ಚಂದ್ರಯಾನ-4ಕ್ಕೆ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ನಮ್ಮ ಅದಮಾರಿನಲ್ಲಿ ಹುಟ್ಟಿ ಇಸ್ರೊ ಅಧ್ಯಕ್ಷರಾದ ಯು. ಆರ್. ರಾಯರು ಇದನ್ನು ನೋಡಬೇಕಿತ್ತು.

ಜರಿದ ಗೋಡೆಯ ಕಲ್ಲುಗಳಲ್ಲಿ ಮುಷ್ಟಿಗಾತ್ರದ ಒಂದನ್ನು ಮಣ್ಣು ತೊಳೆದು ಒಣಗಿಸಿ ನನಗಾಗಿ ತೆಗೆದಿರಿಸಿ, ಅಪ್ಪಯ್ಯ. ಡಿಸೆಂಬರಿನಲ್ಲಿ ಊರಿಗೆ ಬಂದಾಗ ಒಯ್ದು, ಅದರಿಂದಲೂ ಒಂದು ತೆಳುಸೀಳು ಮಾಡಿಸಬೇಕೆಂದಿದ್ದೇನೆ. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮಗಳು