ಬಂದೂಕಿಗೆ ಕಾಯ್ದೆ ಇದೆ, ಅದರ ಫೈಲಿಗೆ ಇಲ್ಲ: ಕೊಪ್ಪಳ ಕ್ಷೇತ್ರದ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರಗಳು,

ನಾನು ಗಂಗಾವತಿಯಲ್ಲಿ ಸಣ್ಣದೊಂದು ತ್ರೀಡಿ ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಪ್ರಿಂಟರ್‌ನಲ್ಲಿ ಮನೆಯಲ್ಲೇ ಬಂದೂಕು ಮಾಡಿಕೊಳ್ಳುವ ಪಿಡುಗಿನ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಜಿಲ್ಲಾಧಿಕಾರಿಗಳಿಗೋ ಶಾಸಕರಿಗೋ ಬರೆಯದೆ ನಿಮಗೇ ಬರೆಯಲು ಕಾರಣ ಇದೆ. ಆಯುಧ, ಮದ್ದುಗುಂಡಿನ ವಿಷಯ ಸಂವಿಧಾನದ ಕೇಂದ್ರ ಪಟ್ಟಿಯಲ್ಲಿದೆ. ಅದರ ಕಾಯ್ದೆ ತಿದ್ದುವುದು ಸಂಸತ್ತಿನ ಕೆಲಸ. ಅದೂ ಅಲ್ಲದೆ ನಿಮ್ಮ ಕ್ಷೇತ್ರದಲ್ಲಿ ಮೂರು ಜಿಲ್ಲೆಯ ಜನ ಇದ್ದಾರೆ. ಸಿಂಧನೂರು, ಮಸ್ಕಿ ರಾಯಚೂರಿನವು. ಸಿರುಗುಪ್ಪ ಬಳ್ಳಾರಿಯದು. ಉಳಿದವು ನಮ್ಮ ಕೊಪ್ಪಳದವು. ಹಾಗಾಗಿ ಈ ಭಾಗದ ಪರವಾಗಿ ದಿಲ್ಲಿಯಲ್ಲಿ ಕೇಳುವವರು ನೀವೇ.

ಮೊದಲು ನನ್ನ ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಯಾಕೆಂದರೆ ಈ ಯಂತ್ರದ ಹೆಸರು ಕೇಳಿದರೆ ಸಾಕು, ಎಷ್ಟೋ ಜನ ಈಗ ಅನುಮಾನದಿಂದ ನೋಡುತ್ತಾರೆ. ಅಕ್ಕಿ ಗಿರಣಿಯವರು ಸವೆದ ಬುಷ್ ತಂದು ಮೇಜಿನ ಮೇಲೆ ಇಡುತ್ತಾರೆ. ಕಂಪನಿಯಿಂದ ಹೊಸದು ಬರಲು ವಾರಗಟ್ಟಲೆ ಬೇಕು, ಸುಗ್ಗಿ ಕಾಲದಲ್ಲಿ ಅಷ್ಟು ದಿನ ಗಿರಣಿ ನಿಲ್ಲಿಸಲು ಆಗಲ್ಲ. ನಾನು ಅಳತೆ ತೆಗೆದು ಕಂಪ್ಯೂಟರ್‌ನಲ್ಲಿ ಡ್ರಾಯಿಂಗ್ ಮಾಡಿ, ಆ ಡಿಸೈನ್ ಫೈಲನ್ನು ಪ್ರಿಂಟಿಗೆ ಹಾಕುತ್ತೇನೆ. ಸುರುಳಿಯಲ್ಲಿರುವ ಪ್ಲಾಸ್ಟಿಕ್ ಎಳೆ ಬಿಸಿ ನಾಜಲ್‌ನಲ್ಲಿ ಕರಗಿ, ಕೂದಲಿನಷ್ಟು ತೆಳ್ಳಗೆ ಪದರದ ಮೇಲೆ ಪದರ ಕೂರುತ್ತದೆ. ರಾತ್ರಿ ಹಾಕಿದರೆ ಬೆಳಿಗ್ಗೆಗೆ ಬುಷ್ ರೆಡಿ. ಬಿತ್ತನೆ ಯಂತ್ರದ ಬೀಜದ ತಟ್ಟೆ, ಮೋಟರಿನ ಫ್ಯಾನ್ ಕವರ್, ಆಟಿಕೆ ಮಾಡುವವರಿಗೆ ಮಾದರಿ, ಇವೇ ನಮ್ಮ ದಿನದ ಕೆಲಸ. ಈ ವಿಧಾನದ ಮುಖ್ಯ ಪೇಟೆಂಟ್ 2009ರಲ್ಲಿ ಮುಗಿಯಿತು. ಆಮೇಲೆ ಬೆಲೆ ಇಳಿಯುತ್ತಾ ಬಂತು. ಈಗ ಒಂದು ಸಾಧಾರಣ ಮೊಬೈಲ್ ಕೊಳ್ಳುವ ದುಡ್ಡಿಗೆ ಮನೆಗೇ ಪ್ರಿಂಟರ್ ಬರುತ್ತದೆ.

ಈಗ ಅಂಗಡಿಗೆ ಬಂದ ಎರಡು ಗಿರಾಕಿಗಳ ಮಾತು ಹೇಳಬೇಕು.

ಜಾತ್ರೆಯಲ್ಲಿ ನಾಟಕ ಆಡಿಸುವವರು ಒಮ್ಮೆ ಬಂದರು. ಇನ್ಸ್‌ಪೆಕ್ಟರ್ ಪಾತ್ರದವನಿಗೆ ಪಿಸ್ತೂಲು ಬೇಕಿತ್ತು. ಮಾಡಿಕೊಟ್ಟೆ. ಒಂದೇ ಗಟ್ಟಿ ತುಂಡು, ಒಳಗೆ ಟೊಳ್ಳಿಲ್ಲ, ಟ್ರಿಗರ್ ಅಲುಗಾಡಲ್ಲ. ಯಾರೂ ಮೋಸ ಹೋಗಬಾರದು ಅಂತ ತುದಿಗೆ ಕೆಂಪು ಬಣ್ಣ ಹಚ್ಚಿದೆ. ಅವರೂ ಖುಷಿಯಿಂದ ಒಯ್ದರು.

ಇನ್ನೊಬ್ಬ ಹುಡುಗ ಪೆನ್‌ಡ್ರೈವ್ ಹಿಡಿದು ಬಂದ. ಡ್ರೋನಿನ ಪಾರ್ಟು ಅಂದ. ಫೈಲ್ ತೆರೆದು ಸ್ಕ್ರೀನಿನ ಮೇಲೆ ತಿರುಗಿಸಿ ನೋಡಿದೆ. ಬಿಡಿಬಿಡಿಯಾಗಿ ನೋಡಿದರೆ ಏನೂ ಹೊಳೆಯದಂಥ ತುಂಡುಗಳು. ಆದರೆ ಒಂದರ ಆಕಾರ ಹಿಡಿಕೆಯದು ಅಂತ ಗೊತ್ತಾಯಿತು.

"ಇದು ಬಂದೂಕಿಂದಲ್ವೇನಪಾ?" ಅಂದೆ.

"ಸುಮ್ನ ಶೋಕಿಗೆ ರೀ ಅಣ್ಣಾ, ನೆಟ್‌ನಾಗ ಸಿಕ್ತು" ಅಂದ.

ಆಗಲ್ಲ ಅಂತ ಹೇಳಿದೆ. ಅವನು ಜಗಳ ಮಾಡಲಿಲ್ಲ, ಪೆನ್‌ಡ್ರೈವ್ ತೆಗೆದುಕೊಂಡು ಹೋದ. ಹದಿನೆಂಟು ಹತ್ತೊಂಬತ್ತರ ಹುಡುಗ ಇರಬೇಕು. ಕೆಟ್ಟವನು ಅಂತ ನನಗೆ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಆದರೆ ಮನಸ್ಸು ತಡೆಯಲಿಲ್ಲ. ಪರಿಚಯದ ಪೊಲೀಸ್ ಸಿಬ್ಬಂದಿಯೊಬ್ಬರನ್ನು ಕೇಳಿದೆ. ಅವರು ಸಮಾಧಾನದಿಂದಲೇ ಹೇಳಿದರು: "ಪ್ರಿಂಟ್ ಆಗಿಲ್ಲ, ಕೈಯಾಗ ಬಂದೂಕಿಲ್ಲ. ಯಾವ ಸೆಕ್ಷನ್ ಹಾಕೋದ್ರೀ?" ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಯಾಕೆಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ವಸ್ತುವಿನ ವಿಷಯದಲ್ಲಿ ಬಹಳ ಗಟ್ಟಿ. ಸ್ಫೋಟಕದಿಂದಾಗಲಿ ಬೇರೆ ಶಕ್ತಿಯಿಂದಾಗಲಿ ಗುಂಡು ಹಾರಿಸಲು ಮಾಡಿದ್ದು ಯಾವುದಾದರೂ ಅದು ಬಂದೂಕೇ. ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ ಅಂತ ಕಾಯ್ದೆ ಕೇಳುವುದಿಲ್ಲ. ಬಂದೂಕಿನ ಬಿಡಿ ಭಾಗಗಳು, ಅದನ್ನು ತಯಾರಿಸುವ ಯಂತ್ರಗಳು ಕೂಡ ಅದೇ ವ್ಯಾಖ್ಯಾನದೊಳಗೆ ಬರುತ್ತವೆ. ಲೈಸನ್ಸ್ ಇಲ್ಲದೆ ತಯಾರಿಸಿದರೆ, 2019ರ ತಿದ್ದುಪಡಿಯ ನಂತರ, ಕಡಿಮೆ ಅಂದರೂ 7 ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಇದಕ್ಕಿಂತ ಬಿಗಿ ಬೇಕು ಅಂತ ನಾನು ಕೇಳುತ್ತಿಲ್ಲ.

ಆದರೆ ಡಿಸೈನ್ ಫೈಲ್ ಎಂಬ ಮಾತೇ ಆ ವ್ಯಾಖ್ಯಾನದಲ್ಲಿಲ್ಲ. ಹೇಗಿರುತ್ತದೆ, ಅದು ಕುಲುಮೆ, ಲೇತ್ ಮಷೀನುಗಳ ಕಾಲದ ಕಾಯ್ದೆ. ಆಗ ನಾಡ ಬಂದೂಕು ಮಾಡಲು ಕೈಯಲ್ಲಿ ಕಸುಬು ಬೇಕಿತ್ತು, ಕಸುಬುದಾರ ಯಾರು ಅಂತ ಊರಿಗೆ ಗೊತ್ತಿರುತ್ತಿತ್ತು. ಈಗ ಕಸುಬೆಲ್ಲ ಫೈಲಿನಲ್ಲಿದೆ. ಫೈಲು ವಾಟ್ಸಾಪ್‌ನಲ್ಲಿ ಓಡಾಡುತ್ತದೆ.

ಹೊರಗೆ ಏನಾಗಿದೆ ನೋಡಿ. 2013ರ ಮೇ ತಿಂಗಳಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಗುಂಪು 'ಲಿಬರೇಟರ್' ಎಂಬ ಪ್ಲಾಸ್ಟಿಕ್ ಪಿಸ್ತೂಲಿನ ಫೈಲನ್ನು ನೆಟ್ಟಿಗೆ ಹಾಕಿತು. ತೆಗೆಯಿರಿ ಅಂತ ಅಲ್ಲಿನ ಸರ್ಕಾರ ಹೇಳುವಷ್ಟರಲ್ಲಿ, ಎರಡೇ ದಿನದಲ್ಲಿ 1 ಲಕ್ಷಕ್ಕೂ ಹೆಚ್ಚು ಸಲ ಅದು ಡೌನ್‌ಲೋಡ್ ಆಗಿತ್ತು. ಮರುವರ್ಷ ಜಪಾನಿನ ಕವಾಸಾಕಿಯಲ್ಲಿ ಕಾಲೇಜು ನೌಕರನೊಬ್ಬ ಪ್ರಿಂಟ್ ಮಾಡಿದ ಬಂದೂಕುಗಳ ಸಮೇತ ಸಿಕ್ಕಿಬಿದ್ದ, 2 ವರ್ಷ ಶಿಕ್ಷೆಯಾಯಿತು. 2019ರ ಅಕ್ಟೋಬರ್‌ನಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಒಬ್ಬ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ನುಗ್ಗಲು ನೋಡಿದ. ಮನೆಯಲ್ಲೇ ಮಾಡಿದ ಬಂದೂಕುಗಳು, ಕೆಲವು ಭಾಗ ಪ್ರಿಂಟ್ ಮಾಡಿದ್ದು. ಮಂದಿರದ ಬಾಗಿಲು ಜಗ್ಗಲಿಲ್ಲ, ಬಂದೂಕು ಮತ್ತೆ ಮತ್ತೆ ಕೆಟ್ಟಿತು. ಆದರೂ ಹೊರಗಿದ್ದ ಇಬ್ಬರು ಸತ್ತರು. 2024ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ನಡುರಸ್ತೆಯಲ್ಲಿ ವಿಮೆ ಕಂಪನಿಯ ಮುಖ್ಯಸ್ಥರೊಬ್ಬರ ಕೊಲೆಯಾಯಿತು. ಆರೋಪಿಯ ಬಳಿ ಸಿಕ್ಕಿದ್ದು ತ್ರೀಡಿ ಪ್ರಿಂಟ್ ಮಾಡಿದಂತೆ ಕಾಣುವ ಪಿಸ್ತೂಲು ಅಂತ ಪೊಲೀಸರು ಹೇಳಿದರು. ನಮ್ಮ ಪಕ್ಕದ ಮ್ಯಾನ್ಮಾರ್‌ನಲ್ಲಿ 2021ರ ಸೇನಾ ದಂಗೆಯ ನಂತರ ಬಂಡುಕೋರರು ಪ್ರಿಂಟ್ ಮಾಡಿದ ಬಂದೂಕು ಹಿಡಿದೇ ಹೋರಾಡಿದ್ದಾರೆ. ದೂರದ ಮಾತು ಅಂತ ಸುಮ್ಮನಿರುವ ಕಾಲ ಅಲ್ಲ ಇದು.

ಇದರ ಜೊತೆಗೇ ಇನ್ನೊಂದನ್ನೂ ಹೇಳಲೇಬೇಕು. 2022ರ ಜುಲೈನಲ್ಲಿ ಜಪಾನಿನ ಮಾಜಿ ಪ್ರಧಾನಿ ಶಿಂಜೊ ಅಬೆಯವರನ್ನು ಕೊಂದದ್ದೂ ಮನೆಯಲ್ಲಿ ಮಾಡಿದ ಬಂದೂಕೇ. ಅದು ಪೈಪು, ಮರ, ಟೇಪಿನಿಂದ ಮಾಡಿದ್ದು. ಪ್ರಿಂಟರಿನ ತಲೆಗೇ ಎಲ್ಲ ಕಟ್ಟಿದರೆ ಕೊಲ್ಲಬೇಕು ಅಂತ ಹಟ ತೊಟ್ಟವನು ಸಿಗುವುದಿಲ್ಲ, ಸಿಗುವವರು ನಮ್ಮಂಥವರು.

ಇಲ್ಲೇ ನನ್ನ ಭಯ ಇರುವುದು. ನಾಳೆ ಎಲ್ಲೋ ಒಂದು ಅನಾಹುತ ಆಗುತ್ತದೆ ಅಂತಿಟ್ಟುಕೊಳ್ಳಿ. ಟಿವಿಯವರು ಇಡೀ ದಿನ ಅದನ್ನೇ ತೋರಿಸುತ್ತಾರೆ. ಆ ಬಿಸಿಯಲ್ಲಿ ಯಾರೋ ಒಬ್ಬರು ಪ್ರತಿ ಪ್ರಿಂಟರಿಗೂ ಲೈಸನ್ಸ್ ಬೇಕು ಅನ್ನುತ್ತಾರೆ. ನ್ಯೂಯಾರ್ಕ್ ರಾಜ್ಯದಲ್ಲಿ 2023ರಲ್ಲಿ ಇಂಥದೇ ಮಸೂದೆ ಬಂದಿತ್ತು, ಪ್ರಿಂಟರ್ ಕೊಳ್ಳುವವರ ಅಪರಾಧ ಹಿನ್ನೆಲೆ ನೋಡಬೇಕು ಅಂತ. ಆದರೆ ನಾಲ್ಕು ಮೋಟರು, ಕೆಲವು ರಾಡು, ಒಂದು ಸರ್ಕ್ಯೂಟ್ ಬೋರ್ಡು ಇದ್ದರೆ ಪ್ರಿಂಟರನ್ನು ಮನೆಯಲ್ಲೇ ಜೋಡಿಸಬಹುದು. ಲೈಸನ್ಸ್‌ಗೆ ಅರ್ಜಿ ಹಾಕಿ ಕಚೇರಿ ಅಲೆಯುವವನು ಗಿರಣಿಯ ಬುಷ್ ಮಾಡುವವನೇ ಹೊರತು ಬಂದೂಕು ಮಾಡುವವನಲ್ಲ. ಈಗಲೇ ಕಾಯ್ದೆಯಲ್ಲಿ 'ತಯಾರಿಸುವ ಯಂತ್ರ' ಅಂತ ಇದೆ. ಎಲ್ಲ ಕೆಲಸಕ್ಕೂ ಬಳಸುವ ಪ್ರಿಂಟರು ಅದರಲ್ಲಿ ಬರುತ್ತದೋ ಇಲ್ಲವೋ ಎಂಬುದನ್ನು ಒಬ್ಬ ಅಧಿಕಾರಿಯ ಮರ್ಜಿಗೆ ಬಿಡಬಾರದು.

ಶಾಲೆಗಳ ಬಗ್ಗೆ ನನಗೆ ಇನ್ನೂ ಜಾಸ್ತಿ ಚಿಂತೆ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳಲ್ಲಿ ತ್ರೀಡಿ ಪ್ರಿಂಟರ್ ಇರುತ್ತದೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50 ಸಾವಿರ ಲ್ಯಾಬ್ ಮಾಡುತ್ತೇವೆ ಅಂತ 2025ರ ಬಜೆಟ್‌ನಲ್ಲಿ ಹೇಳಿದ್ದಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಅದಾದ ಮೇಲೆ ನಮ್ಮ ಕಡೆಯ ಶಾಲಾ ಹುಡುಗಿಯರು ಗೇಟಿನ ಸಣ್ಣ ಮಾದರಿ ಪ್ರಿಂಟ್ ಮಾಡಿ, ಚೈನ್ ಹೇಗೆ ಎಳೆಯುತ್ತದೆ ಅಂತ ದಾರ ಕಟ್ಟಿ ತೋರಿಸಿದರು. ಪ್ಲಾಸ್ಟಿಕ್ ಗೇಟನ್ನು ಬೆರಳಲ್ಲಿ ಎತ್ತಿ ಇಳಿಸುತ್ತಾ, ಎಲ್ಲಿ ಭಾರ ಬೀಳುತ್ತದೆ ಅಂತ ಅವರು ವಾದ ಮಾಡುತ್ತಿದ್ದುದನ್ನು ನಾನು ನಿಂತು ನೋಡಿದ್ದೇನೆ. ಹಿಂದೆ ಇಂಥ ಮಾದರಿ ನೋಡಲು ಬೆಂಗಳೂರಿಗೆ ಹೋಗಬೇಕಿತ್ತು. ಕಲ್ಯಾಣ ಕರ್ನಾಟಕದ ಮಕ್ಕಳ ಕೈಗೆ ಇಷ್ಟು ತಡವಾಗಿ ಬಂದ ಯಂತ್ರವನ್ನು ಹೆದರಿಕೆಯಿಂದ ಬೀರುವಿನಲ್ಲಿಟ್ಟು ಬೀಗ ಹಾಕಿಸಬೇಡಿ ಸರ್.

ಹಾಗಾದರೆ ಏನು ಮಾಡಬೇಕು? ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯ 2015ರಲ್ಲೇ ಬಂದೂಕಿನ ಡಿಜಿಟಲ್ ಡಿಸೈನ್ ಇಟ್ಟುಕೊಳ್ಳುವುದನ್ನು ಅಪರಾಧ ಮಾಡಿತು. 14 ವರ್ಷದವರೆಗೆ ಶಿಕ್ಷೆ. ಸಿಂಗಾಪುರವೂ 2021ರಲ್ಲಿ ಫೈಲನ್ನು ಕಾನೂನಿನೊಳಗೆ ತಂದಿತು. 2023ರಲ್ಲಿ ಕೆನಡಾ ಮಾಡಿದ ಕಾನೂನು ನನಗೆ ಹೆಚ್ಚು ಸರಿ ಕಾಣುತ್ತದೆ. ಅಲ್ಲಿ ಬಂದೂಕು ತಯಾರಿಸುವ ಅಥವಾ ಸಾಗಿಸುವ ಉದ್ದೇಶದಿಂದ ಫೈಲ್ ಇಟ್ಟುಕೊಂಡರೆ ಅಪರಾಧ. ಉದ್ದೇಶ ಎಂಬ ಆ ಮಾತು ನಮಗೂ ಬೇಕೇ ಬೇಕು. ಹಳ್ಳಿಯ ಹುಡುಗನ ಮೊಬೈಲಿಗೆ ಯಾವುದೋ ಗ್ರೂಪಿನಿಂದ ಫೈಲ್ ತಾನಾಗೇ ಇಳಿದಿರುತ್ತದೆ, ಅವನು ತೆರೆದೂ ನೋಡಿರುವುದಿಲ್ಲ. ಅಷ್ಟಕ್ಕೇ ಅವನು ಜೈಲು ಸೇರಬಾರದು. ಆದರೆ ಮಾಡಲು ಹೊರಟವನನ್ನು, ಮಾರುವವನನ್ನು, ಗೊತ್ತಿದ್ದೂ ಹಂಚುವವನನ್ನು ಬಂದೂಕು ಕೈಗೆ ಬರುವ ಮುಂಚೆಯೇ ತಡೆಯಲು ಪೊಲೀಸರಿಗೆ ಒಂದು ಸೆಕ್ಷನ್ ಇರಬೇಕು.

ಲೈಸನ್ಸ್ ಇರುವ ರೈತರನ್ನು ನೋಡಿದಾಗ ನನಗೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಕನಕಗಿರಿ ಕಡೆಯ ನಮ್ಮ ಪರಿಚಯದ ಹಿರಿಯರೊಬ್ಬರ ಹತ್ತಿರ ಒಂಟಿ ನಳಿಗೆಯ ಬಂದೂಕಿದೆ, ಹೊಲಕ್ಕೆ ಬರುವ ಹಂದಿ ಬೆದರಿಸಲು. ಅದಕ್ಕೆ ನಂಬರಿದೆ, ಪುಸ್ತಕ ಇದೆ, ದೇಶದ ಲೈಸನ್ಸ್ ಪಟ್ಟಿಯಲ್ಲಿ ಗುರುತಿನ ಸಂಖ್ಯೆ ಇದೆ. ತೋಟಾ ಕೊಳ್ಳಬೇಕಾದರೂ ಲೈಸನ್ಸ್ ಪುಸ್ತಕ ತೋರಿಸಬೇಕು. ಚುನಾವಣೆ ಬಂತೆಂದರೆ ಅದನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಬಂದು, ಠಾಣೆಯಲ್ಲಿ ಪಾಳಿ ನಿಂತು ಒಪ್ಪಿಸಿ, ರಸೀದಿ ಮಡಚಿ ಜೇಬಿಗೆ ಇಟ್ಟುಕೊಂಡು ಹೋಗುತ್ತಾರೆ. ಒಂದು ದಿನವೂ ಬೇಸರ ಮಾಡಿಕೊಂಡಿದ್ದು ಕಾಣೆ. ಪ್ರಿಂಟ್ ಮಾಡಿದ ಬಂದೂಕಿಗೆ ನಂಬರಿಲ್ಲ, ಪುಸ್ತಕವಿಲ್ಲ, ಯಾವ ಪಟ್ಟಿಯಲ್ಲೂ ಅದು ಇಲ್ಲ. ನಿಯಮ ಪಾಲಿಸುವ ಈ ಮನುಷ್ಯನಿಗೆ ಇಷ್ಟು ಲೆಕ್ಕ ಕೇಳುವ ಸರ್ಕಾರ, ಫೈಲ್ ಮಾರುವವನನ್ನು ಏನೂ ಕೇಳದೆ ಬಿಟ್ಟರೆ ಅದು ನ್ಯಾಯ ಅಲ್ಲ ಅಲ್ವಾ?

ತೋಟಾದ ಮೇಲಿನ ಹಿಡಿತವೂ ಸಡಿಲಾಗಬಾರದು. ಎಂಥ ಬಂದೂಕು ಪ್ರಿಂಟ್ ಮಾಡಿದರೂ ತೋಟಾ ಪ್ರಿಂಟ್ ಆಗುವುದಿಲ್ಲ. ಅಂಗಡಿಗಳ ಸ್ಟಾಕ್ ಲೆಕ್ಕ ಸರಿಯಾಗಿ ತಪಾಸಣೆಯಾದರೆ ಅರ್ಧ ಕೆಲಸ ಆದಂತೆ.

ನಮ್ಮಂಥ ಅಂಗಡಿಯವರ ಪರವಾಗಿ ಒಂದು ಮಾತು. ಅನುಮಾನದ ಫೈಲ್ ಬಂದರೆ ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು ಅಂತ ಜಿಲ್ಲೆಯಲ್ಲಿ ಒಬ್ಬ ಅಧಿಕಾರಿಯನ್ನು ಗುರುತಿಸಲಿ. ಜಿಲ್ಲೆಯ ಸೈಬರ್ ಠಾಣೆಗೇ ಈ ಕೆಲಸ ಕೊಡಬಹುದು. ಹೇಳಿದವನ ಯಂತ್ರವನ್ನೇ ಜಪ್ತಿ ಮಾಡಿಕೊಂಡು ಹೋಗುವುದಿಲ್ಲ ಎಂಬ ಭರವಸೆ ಇದ್ದರೆ ಎಲ್ಲರೂ ಮುಂದೆ ಬಂದು ಹೇಳುತ್ತಾರೆ. ನಾಟಕದ ಪಿಸ್ತೂಲಿಗೂ ಅಸಲಿಗೂ ವ್ಯತ್ಯಾಸ ಹೇಗೆ ನೋಡುವುದು ಅಂತ ಠಾಣೆಯವರಿಗೆ ತರಬೇತಿ ಬೇಕು. ಇಲ್ಲದಿದ್ದರೆ ಮೊದಲು ಸಿಕ್ಕಿಬೀಳುವವರು ಬಣ್ಣ ಹಚ್ಚಿಕೊಂಡ ಕಲಾವಿದರೇ.

ಮುಂದಿನ ಅಧಿವೇಶನದಲ್ಲಿ ಗೃಹ ಸಚಿವಾಲಯಕ್ಕೆ ನೀವು ಲಿಖಿತ ಪ್ರಶ್ನೆ ಹಾಕಬೇಕು ಎಂಬುದು ನನ್ನ ಕೋರಿಕೆ. ಬಂದೂಕಿನ ಡಿಸೈನ್ ಫೈಲನ್ನು ಶಸ್ತ್ರಾಸ್ತ್ರ ಕಾಯ್ದೆಯೊಳಗೆ ತರುವ ತಿದ್ದುಪಡಿ ಸರ್ಕಾರದ ಮುಂದಿದೆಯೇ? ಅದರಲ್ಲಿ ಉದ್ದೇಶದ ಷರತ್ತು ಇರುತ್ತದೆಯೇ? ಶಾಲೆಯ, ಅಂಗಡಿಯ ಸಾಮಾನ್ಯ ಪ್ರಿಂಟರು 'ತಯಾರಿಸುವ ಯಂತ್ರ' ಅಲ್ಲ ಅಂತ ಸರ್ಕಾರ ಬರೆದು ಕೊಡುತ್ತದೆಯೇ? ಉತ್ತರ ಏನೇ ಬಂದರೂ ನಮಗೆ ತಿಳಿಸಿ. ಪ್ರಶ್ನೆ ಬರೆಯುವ ಮುಂಚೆ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕು ಅನಿಸಿದರೆ ಗಂಗಾವತಿಗೆ ಬಂದಾಗ ಅಂಗಡಿಗೆ ಬನ್ನಿ. ಭಾನುವಾರವೂ ತೆರೆದಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಗಂಗಾವತಿಯ ಒಬ್ಬ ತ್ರೀಡಿ ಪ್ರಿಂಟಿಂಗ್ ಅಂಗಡಿಯವನು