ಆ ಟೆಸ್ಟ್ ಮೊದಲೇ ಆಗಲಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನನ್ನ ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್ ಬಂದಾಗ ಆಪರೇಷನ್ ಮಾಡಿದರು, ಕೀಮೋ ಕೊಟ್ಟರು, ಮನೆಗೆ ಕಳಿಸಿದರು. 14 ತಿಂಗಳಿಗೆ ಕಾಯಿಲೆ ಮತ್ತೆ ಬಂತು. ಆಗ ಬೇರೊಬ್ಬ ವೈದ್ಯರು, ‘ಬಿಆರ್‌ಸಿಎ ಟೆಸ್ಟ್ ಆಗಿದೆಯಾ?’ ಎಂದು ಕೇಳಿದರು. ಆ ಹೆಸರನ್ನೇ ನಾವು ಕೇಳಿರಲಿಲ್ಲ. ಮಾಡಿಸಿದೆವು. ಅಕ್ಕನ ಬಿಆರ್‌ಸಿಎ1 ಜೀನ್‌ನಲ್ಲಿ ದೋಷ ಇತ್ತು. ನನಗೂ ಮಾಡಿಸಿದರು. ನನ್ನಲ್ಲೂ ಅದೇ ದೋಷ ಇದೆ.

ಆ ಟೆಸ್ಟ್ ಕ್ಯಾನ್ಸರ್ ಗೊತ್ತಾದ ವಾರವೇ ಆಗಬೇಕಿತ್ತು. ಇದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಒಂದೊಂದು ಜೀವಕೋಶದಲ್ಲೂ ಡಿಎನ್‌ಎಗೆ ದಿನಕ್ಕೆ ಸಾವಿರಾರು ಪೆಟ್ಟು ಬೀಳುತ್ತವೆ. ಬಿಸಿಲು, ಹೊಗೆ ಮಾತ್ರ ಕಾರಣ ಅಲ್ಲ. ಕೋಶದೊಳಗಿನ ನೀರು, ನಾವು ಉಸಿರಾಡುವ ಆಮ್ಲಜನಕ ಕೂಡ ಡಿಎನ್‌ಎಯನ್ನು ಕೆಡಿಸುತ್ತವೆ. ಆದರೂ ನಾವು ಬದುಕಿದ್ದೇವೆ. ಏಕೆಂದರೆ ಕೆಟ್ಟದ್ದನ್ನು ಹುಡುಕಿ, ಕತ್ತರಿಸಿ, ಹೊಸದನ್ನು ತುಂಬಿ, ಅಂಟಿಸುವ ಕಿಣ್ವಗಳು ನಮ್ಮೊಳಗಿವೆ. ಡಿಎನ್‌ಎ ಬರಹದ ಕೆಟ್ಟ ಅಕ್ಷರವನ್ನು ಕಿತ್ತು ಹಾಕುವ ಅಂಥ ಒಂದು ಕಿಣ್ವವನ್ನು ತೋಮಸ್ ಲಿಂಡಾಲ್ 1974ರಲ್ಲಿ ಬ್ಯಾಕ್ಟೀರಿಯಾದಲ್ಲಿ ಕಂಡುಹಿಡಿದರು. ಅವರಿಗೆ, ಪೌಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಅವರಿಗೆ ಡಿಎನ್‌ಎ ರಿಪೇರಿಯ ಬೇರೆ ಬೇರೆ ದಾರಿಗಳನ್ನು ತೋರಿಸಿದ್ದಕ್ಕಾಗಿ 2015ರ ರಸಾಯನಶಾಸ್ತ್ರ ನೊಬೆಲ್ ಬಂತು.

ರಿಪೇರಿಯ ಈ ದಾರಿಗಳಲ್ಲಿ ಒಂದು ಕೆಟ್ಟರೂ ಕಾಯಿಲೆ ಬರುತ್ತದೆ. ಬಿಸಿಲಿನ ಪೆಟ್ಟನ್ನು ಸರಿಮಾಡುವ ದಾರಿ ಹುಟ್ಟಿನಿಂದಲೇ ಕೆಟ್ಟ ಮಕ್ಕಳಿದ್ದಾರೆ. ಅವರಿಗೆ ಚಿಕ್ಕ ವಯಸ್ಸಿನಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು. ಆ ಕಾಯಿಲೆಯ ಹೆಸರು ಕ್ಸೀರೋಡರ್ಮಾ ಪಿಗ್ಮೆಂಟೋಸಮ್. ಡಿಎನ್‌ಎ ನಕಲು ಮಾಡುವಾಗಿನ ತಪ್ಪನ್ನು ತಿದ್ದುವ ದಾರಿ ಕೆಟ್ಟರೆ ಲಿಂಚ್ ಸಿಂಡ್ರೋಮ್. ಅಂಥ ಮನೆತನಗಳಲ್ಲಿ ದೊಡ್ಡ ಕರುಳಿನ ಮತ್ತು ಗರ್ಭಕೋಶದ ಕ್ಯಾನ್ಸರ್ ಜಾಸ್ತಿ.

ನಮ್ಮ ಮನೆಯದು ಬೇರೆ ದಾರಿ. ಡಿಎನ್‌ಎಯ ಎರಡೂ ಎಳೆಗಳು ಒಟ್ಟಿಗೆ ತುಂಡಾದಾಗ, ಸರಿಯಾದ ಪ್ರತಿಯನ್ನು ನೋಡಿಕೊಂಡು ಜೋಡಿಸುವ ತಂಡದಲ್ಲಿ ಬಿಆರ್‌ಸಿಎ1 ಇದೆ. ಅಕ್ಕನ ಆರೋಗ್ಯವಂತ ಕೋಶಗಳಲ್ಲಿ ಈ ಜೀನ್‌ನ ಒಂದು ಒಳ್ಳೆಯ ಪ್ರತಿ ಇನ್ನೂ ಇದೆ. ಗಡ್ಡೆಯ ಕೋಶಗಳಲ್ಲಿ ಅದೂ ಹೋಗಿದೆ. ಈ ವ್ಯತ್ಯಾಸವೇ ಚಿಕಿತ್ಸೆಗೆ ಬಾಗಿಲು ತೆರೆಯುತ್ತದೆ.

ಪಾರ್ಪ್ ಎಂಬ ಇನ್ನೊಂದು ಕಿಣ್ವ ಇದೆ. ಒಂದೇ ಎಳೆ ಹರಿದಾಗ ಅದು ಓಡಿ ಬರುತ್ತದೆ. ಔಷಧಿಯಿಂದ ಅದನ್ನು ತಡೆದರೆ, ಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವ ಹೊತ್ತಿಗೆ ಆ ಸಣ್ಣ ಹರುಕು ದೊಡ್ಡ ತುಂಡಾಗುತ್ತದೆ. ಆರೋಗ್ಯವಂತ ಕೋಶ ಬಿಆರ್‌ಸಿಎಯಿಂದ ಸುಧಾರಿಸಿಕೊಳ್ಳುತ್ತದೆ. ಕ್ಯಾನ್ಸರ್ ಕೋಶಕ್ಕೆ ಎರಡೂ ದಾರಿ ಮುಚ್ಚಿರುತ್ತವೆ, ಅದು ಸಾಯುತ್ತದೆ. 2005ರಲ್ಲಿ ಎರಡು ತಂಡಗಳು ಇದನ್ನು ಪ್ರಯೋಗಾಲಯದಲ್ಲಿ ತೋರಿಸಿದವು. 2014ರಲ್ಲಿ ಒಲಪರಿಬ್ ಎಂಬ ಔಷಧಿಗೆ ಒಪ್ಪಿಗೆ ಸಿಕ್ಕಿತು.

ಈಗ ನನಗೆ ನಿದ್ದೆ ಕೆಡಿಸಿದ ಮಾತಿಗೆ ಬರುತ್ತೇನೆ. ಸೋಲೋ-1 ಎಂಬ ಅಧ್ಯಯನದಲ್ಲಿ, ಬಿಆರ್‌ಸಿಎ ದೋಷ ಇದ್ದು ಮೊದಲ ಕೀಮೋ ಫಲಿಸಿದ 391 ಹೆಂಗಸರು ಇದ್ದರು. ಕೀಮೋ ಮುಗಿದ ಮೇಲೆ ಕೆಲವರಿಗೆ ಒಲಪರಿಬ್, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ. 7 ವರ್ಷದ ಲೆಕ್ಕದಲ್ಲಿ ಒಲಪರಿಬ್ ತೆಗೆದುಕೊಂಡವರಲ್ಲಿ ಶೇ. 67 ಮಂದಿ ಬದುಕಿದ್ದರು. ಇನ್ನೊಂದು ಗುಂಪಿನಲ್ಲಿ ಶೇ. 46.5. ಈ ಮಾತ್ರೆ ಮೊದಲ ಕೀಮೋದ ಬೆನ್ನಿಗೇ ಶುರುವಾಗಬೇಕು. ಅಷ್ಟರೊಳಗೆ ಟೆಸ್ಟ್ ಆಗದಿದ್ದರೆ ಆ ಅವಕಾಶ ಹೋದ ಹಾಗೆಯೇ. ಅಕ್ಕನಿಗೆ ಹೋಯಿತು.

ಈ ಮಾತ್ರೆ ಎಲ್ಲರಿಗೂ ಅಲ್ಲ. ರಕ್ತ ಕಡಿಮೆಯಾಗುತ್ತದೆ, ಸುಸ್ತಾಗುತ್ತದೆ. ಕೆಲವು ಗಡ್ಡೆಗಳು ಕಳೆದುಕೊಂಡ ರಿಪೇರಿಯನ್ನು ಮರಳಿ ಗಳಿಸಿ ಔಷಧಿಗೆ ಬಗ್ಗದಂತಾಗುತ್ತವೆ. ಸುಮ್ನೆ ಎಲ್ಲರಿಗೂ ಕೊಡಿ ಎಂದು ನಾನು ಕೇಳುತ್ತಿಲ್ಲ. ಯಾರಿಗೆ ಬೇಕು ಎಂದು ಸಮಯಕ್ಕೆ ನೋಡಿ ಎಂದು ಕೇಳುತ್ತಿದ್ದೇನೆ.

ಅಂಡಾಶಯದ ಕ್ಯಾನ್ಸರ್ ಗೊತ್ತಾದ ಪ್ರತಿ ಹೆಂಗಸಿಗೂ ಬಿಆರ್‌ಸಿಎ ಟೆಸ್ಟ್ ಸರ್ಕಾರದ ಖರ್ಚಿನಲ್ಲೇ ಆಗಲಿ. ದೊಡ್ಡ ಕರುಳಿನ ಗಡ್ಡೆ ತೆಗೆದಾಗ, ಅದರ ಚೂರಿಗೆ ಬಣ್ಣ ಹಾಕಿ ನಕಲಿನ ತಪ್ಪನ್ನು ತಿದ್ದುವ ನಾಲ್ಕು ರಿಪೇರಿ ಪ್ರೋಟೀನ್‌ಗಳು ಇವೆಯೇ ಎಂದು ಲ್ಯಾಬ್‌ನಲ್ಲಿ ನೋಡಬಹುದು. ಅದನ್ನು ಕಡ್ಡಾಯ ಮಾಡಿ. ಮುಂದುವರಿದ ಗಡ್ಡೆಯಲ್ಲಿ ಈ ರಿಪೇರಿ ಕೆಟ್ಟಿದ್ದರೆ, ಅದು ಯಾವ ಅಂಗದಲ್ಲೇ ಇರಲಿ, ಪೆಂಬ್ರೊಲಿಜುಮಾಬ್ ಎಂಬ ಔಷಧಿ ಬಳಸಲು ಅಮೆರಿಕ 2017ರಲ್ಲೇ ಒಪ್ಪಿಗೆ ಕೊಟ್ಟಿದೆ.

ಮನೆಯವರನ್ನೂ ಮರೆಯಬೇಡಿ. ಬಿಆರ್‌ಸಿಎ1 ದೋಷ ಇರುವ 100 ಹೆಂಗಸರಲ್ಲಿ 60ಕ್ಕೂ ಹೆಚ್ಚು ಮಂದಿಗೆ ಸ್ತನ ಕ್ಯಾನ್ಸರ್ ಬರುತ್ತದೆ. ಮೊದಲೇ ತಿಳಿದರೆ ಎಂಆರ್‌ಐ ಮಾಡಿಸುತ್ತಾ ಇರಬಹುದು, ಅಂಡಾಶಯ ತೆಗೆಸಬಹುದು. ಅಕ್ಕನನ್ನು ಮೊದಲು ನೋಡಿದ ಕಡೆ ಅಮ್ಮನ ಕಡೆಯವರಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ ಎಂದಷ್ಟೇ ಕೇಳಿದ್ದರು. ನಮಗೆ ದೋಷ ಬಂದದ್ದು ಅಪ್ಪನಿಂದ. ಸೋದರತ್ತೆ ಸ್ತನ ಕ್ಯಾನ್ಸರ್‌ನಿಂದ 41ಕ್ಕೇ ತೀರಿಕೊಂಡಿದ್ದರು. ಯಾರೂ ಕೇಳಲಿಲ್ಲ, ನಮಗೆ ಹೇಳಬೇಕೆಂದು ತೋಚಲಿಲ್ಲ.

ಇವನ್ನೆಲ್ಲ ಕೇಳಲು, ತಿಳಿಸಿ ಹೇಳಲು ಜೆನೆಟಿಕ್ ಕೌನ್ಸೆಲರ್‌ಗಳು ಬೇಕು. ಕ್ಯಾನ್ಸರ್ ನೋಡುವ ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಆ ಹುದ್ದೆ ಮಾಡಿ. ಅಕ್ಕನ ಮಗಳಿಗೆ ಈಗ 22. ಅವಳಿಗೆ ಈ ದೋಷ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ‘ಚಿಕ್ಕಿ, ಟೆಸ್ಟ್ ಮಾಡಿಸಲಾ ಬೇಡ್ವಾ?’ ಎಂದು ನನ್ನನ್ನೇ ಕೇಳುತ್ತಾಳೆ. ಅವಳ ಜೊತೆ ಒಂದು ಗಂಟೆ ಕೂತು ಮಾತಾಡಲು, ಇದನ್ನು ಓದಿಕೊಂಡವರೊಬ್ಬರು ಬೇಕು ಸಾರ್.

ಇಂತಿ,
ಒಬ್ಬ ರೋಗಿಯ ತಂಗಿ