ಕೌನ್ಸೆಲಿಂಗ್ ಕನ್ನಡದಲ್ಲೂ ಸಿಗಲಿ

ಮಾನ್ಯರೇ,

ನನ್ನ ತಂಗಿಯ ಮಗ ಇಲ್ಲೇ, ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಹತ್ತಿರದ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಓದುತ್ತಿದ್ದಾನೆ. ಪರೀಕ್ಷೆಯ ಭಯ ಜಾಸ್ತಿಯಾಗಿ ಕೌನ್ಸೆಲಿಂಗ್‌ಗೆ ಕಳಿಸಿದೆವು. "ಪರೀಕ್ಷೆ ಅಂದ್ರೆ ಹೊಟ್ಟೆಯಲ್ಲಿ ಸಂಕಟ ಆಗ್ತದೆ" ಅಂದನಂತೆ. ಕೌನ್ಸೆಲರ್‌ಗೆ ಬರುವುದು ಮಲಯಾಳ, ಅದರಲ್ಲಿ ಸಂಕಟ ಅಂದರೆ ದುಃಖ. ಮನೆಯಲ್ಲಿ ಯಾರಿಗೇನಾಯಿತು ಎಂದು ಅವರು ಕೇಳುತ್ತಾ ಹೋದರು. ಹುಡುಗ ತಲೆ ತಗ್ಗಿಸಿ ಕೂತು ಬಂದ. ಅವರದ್ದೇನೂ ತಪ್ಪಿಲ್ಲ, ಒಳ್ಳೆಯವರೇ. ಭಾಷೆ ಬರುವುದಿಲ್ಲ, ಅಷ್ಟೇ.

ಈ ಕೆಲಸವೇ ಮಾತಿನದ್ದು ಅಲ್ವಾ? ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ತೋರಿಸಿಕೊಟ್ಟ ದಾರಿಯಲ್ಲಿ ಸಲಹೆಗಾರರು ಉಪದೇಶ ಮಾಡುವುದಿಲ್ಲ. ಎದುರಿನವರು ಹೇಳಿದ್ದರ ಹಿಂದಿನ ಭಾವನೆಯನ್ನು ಹಿಡಿದು ಅವರಿಗೇ ತಿರುಗಿ ಹೇಳುತ್ತಾರೆ. ಮಾತೇ ಅರ್ಥವಾಗದಿದ್ದರೆ ತಿರುಗಿ ಹೇಳುವುದೇನನ್ನು? 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಲ್ಲಿ ತಲೆಗೆ ತಟ್ಟನೆ ಬರುವ ಯೋಚನೆಯನ್ನು ಪುಸ್ತಕದಲ್ಲಿ ಬರೆದಿಡಬೇಕು. "ನಾನು ಫೇಲ್ ಆಗಿಯೇ ಆಗ್ತೇನೆ" ಎಂದು ಬರೆದರೆ, ಅದಕ್ಕೆ ಆಧಾರ ಏನು, ಹಿಂದಿನ ಪರೀಕ್ಷೆಯಲ್ಲಿ ಎಷ್ಟು ಮಾರ್ಕು ಬಂದಿತ್ತು ಎಂದು ಜೊತೆಗೆ ಕೂತು ನೋಡುತ್ತಾರೆ. ಅಂಥ ಯೋಚನೆ ನಮ್ಮ ಮಕ್ಕಳಿಗೆ ಬರುವುದು ಕನ್ನಡದಲ್ಲಿ, ತುಳುವಿನಲ್ಲಿ.

ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡವೂ ಇದೆ. ಸದ್ಯಕ್ಕೆ ಆ ನಂಬರನ್ನಾದರೂ ಶಾಲೆಯ ಗೋಡೆಗಳ ಮೇಲೆ ಕನ್ನಡದಲ್ಲಿ ಬರೆಸಲಿ. ಮುಂದಿನ ವರ್ಷ ಮಂಜೇಶ್ವರ, ಕಾಸರಗೋಡು ತಾಲೂಕಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಕೌನ್ಸೆಲರ್‌ಗಳನ್ನೇ ನೇಮಿಸಬೇಕು.

– ಓದುಗರೊಬ್ಬರು, ಬದಿಯಡ್ಕ